ಮರ ಹಿಡಿಯುವ ಕೈಗೊಂದು ಗವಸು

ಆಟಿ ತಿಂಗಳೆಂದರೆ ನಮ್ಮ ಕಾಸರಗೋಡಿನ ಕಡೆಯ ಕೃಷಿಕನಿಗೆ ತೋಟದ ಕೆಲಸ ಅರ್ಧ, ಚಾವಡಿಯ ಕೆಲಸ ಅರ್ಧ. ಹೊರಗೆ ಮಳೆ ಹೊಯ್ಯುತ್ತಿರುವಾಗ ಹಾರೆಗೆ ಹೊಸ ಕಾವು, ಕತ್ತಿಗೆ ಹೊಸ ಹಿಡಿ, ಗೆರಟೆಯ ಸೌಟಿಗೆ ಬಿದಿರಿನ ಕೋಲು, ಮಕ್ಕಳಿಗೊಂದು ಬುಗುರಿ, ಹೀಗೆ ಏನಾದರೊಂದನ್ನು ಕೆತ್ತುತ್ತ ಕುಳಿತಿರುತ್ತೇವೆ. ಈ ಕೆಲಸವನ್ನು ಯಾರೂ ಅಪಾಯದ್ದೆಂದು ಎಣಿಸುವುದಿಲ್ಲ. ಅಡಿಕೆ ಮರ ಹತ್ತುವವನಿಗೆ ‘ಜಾಗ್ರತೆ’ ಎನ್ನುತ್ತೇವೆ. ಮದ್ದು ಬಿಡುವವನಿಗೆ ‘ಬಾಯಿಗೆ ಬಟ್ಟೆ ಕಟ್ಟಿಕೋ’ ಎನ್ನುತ್ತೇವೆ. ಚಾವಡಿಯಲ್ಲಿ ಕುಳಿತು ಹಿಡಿ ಕೆತ್ತುವವನಿಗೆ ಮಾತ್ರ ಯಾರೂ ಏನನ್ನೂ ಹೇಳುವುದಿಲ್ಲ.

ನಾವೂ ಹೇಳುತ್ತಿರಲಿಲ್ಲ. 2023ರ ಆಟಿಯಲ್ಲಿ ನಮ್ಮ ಕಣ್ಣೆದುರಿಗೇ ಒಬ್ಬ ಹುಡುಗನ ಅಂಗೈ ಸೀಳಿದ ಮೇಲೆ ಹೇಳಲು ಕಲಿತೆವು. ಆ ತಪ್ಪಿನಲ್ಲಿ ನಮ್ಮ ಪಾಲೂ ಇದ್ದುದರಿಂದ, ಓದುಗ ಬಾಂಧವರ ಮುಂದೆ ಅದನ್ನು ಮುಚ್ಚಿಡದೆ ಹೇಳುವುದೇ ಸರಿಯೆಂದು ತೋರಿತು.

ನಡೆದ ಸಂಗತಿ

ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಯಕ್ಷಗಾನವೊಂದನ್ನು ಆಡಿಸಬೇಕೆಂದು ನಿಶ್ಚಯಿಸಿದ್ದೆವು. ವೇಷದ ಸಾಮಾನುಗಳನ್ನು ಬಾಡಿಗೆಗೆ ತರುವುದಕ್ಕಿಂತ ಭುಜಕೀರ್ತಿ, ಎದೆಕಟ್ಟುಗಳನ್ನು ಮಕ್ಕಳ ಕೈಯಿಂದಲೇ ಕೆತ್ತಿಸಿದರೆ ಖರ್ಚೂ ಉಳಿಯುತ್ತದೆ, ಕೈಕೆಲಸವೂ ಬರುತ್ತದೆ ಎಂಬುದು ನಮ್ಮ ಯೋಚನೆ. ಹಗುರವಾದ ಮರವೆಂದು ಹಾಲೆಮರದ ಹಲಗೆಗಳನ್ನು ತರಿಸಿದೆವು. ತುಳುವಿನಲ್ಲಿ ಪಾಲೆ ಎನ್ನುವ, ಆಟಿ ಅಮಾವಾಸ್ಯೆಯ ಬೆಳಗ್ಗೆ ಕಷಾಯಕ್ಕೆಂದು ಕಲ್ಲಿನಿಂದ ತೊಗಟೆ ಜಜ್ಜಿ ತೆಗೆಯುವ ಅದೇ ಮರ. ಮೆದು ಮರ, ಕೆತ್ತುವುದು ಸುಲಭ, ಮಕ್ಕಳಿಗೆ ತಕ್ಕದ್ದು ಎಂದುಕೊಂಡೆವು.

ಮಕ್ಕಳ ಕೈಯಲ್ಲಿ ಚೂರಿ, ಉಳಿ ಕೊಡುವುದಲ್ಲವೇ ಎಂದು ಪೇಟೆಯ ಅಂಗಡಿಯಿಂದ ಒಂದು ಡಜನ್ ಬಿಳಿ ನೂಲಿನ ಕೈಗವಸುಗಳನ್ನೂ ತಂದೆವು. ‘ಗ್ಲೌಸ್ ಕೊಡಿ’ ಎಂದರೆ ಎಲ್ಲಿಯೂ ಸಿಗುವ, ಹೊರೆ ಹೊರುವವರು ಹಾಕಿಕೊಳ್ಳುವ ಗವಸು ಅದು. ಮಕ್ಕಳಿಗೆ ತೊಡಿಸಿ, ‘ಇನ್ನು ಭಯವಿಲ್ಲ’ ಎಂದು ನಾವೇ ಬಾಯಿಬಿಟ್ಟು ಹೇಳಿದೆವು.

ಮೂರನೆಯ ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹಲಗೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಚೂರಿಯಿಂದ ಅಂಚನ್ನು ತೀಡುತ್ತಿದ್ದ. ಹಲಗೆಯ ಗಂಟಿಗೆ ಸಿಕ್ಕಿ ನಿಂತ ಚೂರಿ ಅವನು ಒತ್ತಿದಾಗ ಜಾರಿತು. ಎಡಗೈಯ ಹೆಬ್ಬೆರಳಿನ ಬುಡವನ್ನು ಸೀಳಿಬಿಟ್ಟಿತು. ಗವಸು ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿ ತೆರೆದುಕೊಂಡಿತ್ತು. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಬಿದ್ದವು. ವೈದ್ಯರು ಬೆರಳುಗಳನ್ನು ಒಂದೊಂದಾಗಿ ಮಡಚಿಸಿ ನೋಡಿ, ‘ನರ, ಸ್ನಾಯುಗಳಿಗೆ ಪೆಟ್ಟಾಗಿಲ್ಲ, ಅದೃಷ್ಟ’ ಎಂದರು. ನಮ್ಮ ಎದೆಯ ಭಾರ ಇಳಿದದ್ದು ಆಗ.

ಸಂಜೆ ಹುಡುಗನನ್ನು ಮನೆಗೆ ಕರೆದುಕೊಂಡು ಹೋದೆವು. ಅವನ ತಾಯಿ ಗದರಲಿಲ್ಲ. ಒಂದೇ ಮಾತು ಹೇಳಿದರು: “ಬರಿಗೈಯಾಗಿದ್ದರೆ ಇವ ಹೆದರಿಕೊಂಡು ಕೆತ್ತುತ್ತಿದ್ದ, ಮಾಷ್ಟ್ರೇ. ನೀವು ತೊಡಿಸಿದ್ದನ್ನು ನೋಡಿ ಹೆದರಿಕೆ ಬಿಟ್ಟ.”

ಈ ಲೇಖನದ ಸಾರವೆಲ್ಲ ಆ ತಾಯಿಯ ಮಾತಿನಲ್ಲೇ ಇದೆ. ತಡೆಯಲಾರದ ಗವಸು ಬರಿಗೈಗಿಂತ ಕೇಡು. ಅದು ಕೈಯನ್ನು ಕಾಯುವುದಿಲ್ಲ, ಕೈಯ ಎಚ್ಚರವನ್ನು ಮಾತ್ರ ಕಳೆಯುತ್ತದೆ.

ಗವಸು ಯಾವ ಕೈಗೆ?

ಮರುದಿನ ನಮ್ಮೂರಿನ ಹಿರಿಯ ಆಚಾರಿಯೊಬ್ಬರ ಬಳಿಗೆ ಹೋಗಿ ವಿಷಯ ತಿಳಿಸಿದೆವು. ಅವರು ತಮ್ಮ ಎರಡೂ ಕೈಗಳನ್ನು ಚಾಚಿ ತೋರಿಸಿದರು. ಬಲಗೈ ನಯವಾಗಿತ್ತು, ಎಡಗೈಯಲ್ಲಿ ಹಳೆಯ ಗಾಯದ ಗೆರೆಗಳು ಎಣಿಕೆಗೆ ಸಿಗದಷ್ಟು. “ಮಾಷ್ಟ್ರೇ, ಹೋಗುವುದು ಉಳಿ ಹಿಡಿದ ಕೈಯಲ್ಲ, ಮರ ಹಿಡಿದ ಕೈ” ಎಂದರು.

ಎಷ್ಟು ಸರಳವಾದ ಮಾತು! ನಾವು ಮಕ್ಕಳಿಗೆ ಎರಡು ಕೈಗೂ ಗವಸು ತೊಡಿಸಿದ್ದೆವು. ಚೂರಿ ಹಿಡಿದ ಕೈಗೆ ಸಡಿಲವಾದ ನೂಲಿನ ಗವಸು ಹಾಕಿದರೆ ಹಿಡಿ ಜಾರುತ್ತದೆ, ಅಲಗು ಎತ್ತ ತಿರುಗಿತೆಂಬುದು ಬೆರಳಿಗೆ ತಿಳಿಯುವುದಿಲ್ಲ. ಆದ್ದರಿಂದ ಕೆತ್ತನೆಯಲ್ಲಿ ಗವಸು ಮೊದಲು ಬೇಕಾದದ್ದು ಮರ ಹಿಡಿದ ಕೈಗೆ. ಎಡಚರಾದ ಮಕ್ಕಳಿಗೆ ಅದು ಬಲಗೈಯೆಂಬುದನ್ನು ಮರೆಯಬಾರದು.

ಚೂರಿ ಹಿಡಿದ ಕೈಯಲ್ಲಿ ಅಪಾಯವಿರುವುದು ಹೆಬ್ಬೆರಳಿಗೆ. ಹಲಸಿನ ಬೀಜದ ಸಿಪ್ಪೆ ತೆಗೆಯುವಂತೆ ಅಲಗನ್ನು ನಮ್ಮತ್ತ ಎಳೆದು ಕೆತ್ತುವಾಗ ಅದು ಹೆಬ್ಬೆರಳಿನತ್ತಲೇ ಬರುತ್ತದೆ. ಅದಕ್ಕೆ ಹಳೆಯ ಚರ್ಮದ ಚೀಲದಿಂದ ಎರಡು ಪದರದ ಚಿಕ್ಕ ಟೊಪ್ಪಿಯೊಂದನ್ನು ಹೊಲಿದು ಬೆರಳಿಗೆ ತೊಡಿಸಿದರೆ ಸಾಕು. ಮನೆಯಲ್ಲಿ ದಬ್ಬಣ, ನೂಲು ಇದ್ದರೆ ಅರ್ಧ ಗಂಟೆಯ ಕೆಲಸ.

ಬಾಳೆದಿಂಡಿನ ಪರೀಕ್ಷೆ

ಒಳ್ಳೆಯ ಗವಸು ಯಾವುದೆಂದು ಅಂಗಡಿಯವರ ಮಾತಿನಿಂದ ತಿಳಿಯುವುದು ಕಷ್ಟವೆಂದು ಕಂಡು, ನಾವೇ ಪರೀಕ್ಷಿಸಲು ಹೊರಟೆವು. ನಾಲ್ಕು ಬಗೆಯ ಗವಸುಗಳನ್ನು ಒಟ್ಟು ಮಾಡಿ, ಒಂದೊಂದನ್ನೂ ಬಾಳೆದಿಂಡಿನ ಮೇಲೆ ಬಿಗಿಯಾಗಿ ಸುತ್ತಿ, ಒಂದೇ ಚೂರಿಯನ್ನು ಒಂದೇ ರೀತಿಯಲ್ಲಿ ಎಳೆದೆವು. ದಿಂಡು ಕೈಯಂತೆಯೇ ಮೆದು. ಗಾಯವಾದರೆ ಗೆರೆ ಚೆನ್ನಾಗಿ ಕಾಣುತ್ತದೆ.

ನೂಲಿನ ಗವಸು ಒಂದೇ ಎಳೆತಕ್ಕೆ ಹರಿದು ದಿಂಡಿನಲ್ಲಿ ಆಳವಾದ ಗೆರೆ ಬಿತ್ತು. ಅಂಗೈಗೆ ರಬ್ಬರಿನ ಚುಕ್ಕೆಗಳಿದ್ದ ನೂಲಿನ ಗವಸೂ ಹಾಗೆಯೇ. ಆ ಚುಕ್ಕೆಗಳು ಹಿಡಿತಕ್ಕೆ ಇರುವಂಥವು, ಅಲಗನ್ನು ತಡೆಯಲು ಇರುವಂಥವಲ್ಲ. ಬೆಸುಗೆ ಹಾಕುವವರ ದಪ್ಪ ಚರ್ಮದ ಗವಸು ಮೊದಲ ಎಳೆತವನ್ನು ತಡೆಯಿತು. ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಎಳೆದಾಗ ಸೋತಿತು. ಅದನ್ನು ತೊಟ್ಟರೆ ಬೆರಳು ಮಡಚುವುದೇ ಕಷ್ಟ, ಸಣ್ಣ ಕೆತ್ತನೆ ಆಗುವ ಮಾತಲ್ಲ. ನಾಲ್ಕನೆಯದು, ಗಾಜು ಮತ್ತು ತಗಡಿನ ಕೆಲಸದವರು ಬಳಸುವ, ಕೊಯ್ತ ತಡೆಯುವ ಹೆಣಿಗೆಯ ಗವಸು. ನೋಡಲು ಬೂದು ಬಣ್ಣದ ಕಾಲುಚೀಲದಂತೆ ತೆಳ್ಳಗಿತ್ತು. ಚೂರಿಯನ್ನು ಐದಾರು ಬಾರಿ ಎಳೆದರೂ ದಿಂಡಿಗೆ ಏನೂ ಆಗಲಿಲ್ಲ.

ಇದನ್ನು ಕಂಡು ಹಿಗ್ಗಿದ್ದೆವು. ಪಕ್ಕದಲ್ಲಿ ಕುಳಿತಿದ್ದ ಆಚಾರಿಯವರು ಸುಮ್ಮನೆ ಒಂದು ಮೊನೆಯುಳಿಯನ್ನು ಎತ್ತಿಕೊಂಡು ಅದೇ ಗವಸಿನ ಮೇಲೆ ನೆಟ್ಟಗೆ ಒತ್ತಿದರು. ಉಳಿ ಎಳೆಗಳ ನಡುವೆ ಹೊಕ್ಕು ದಿಂಡಿನೊಳಗೆ ಇಳಿಯಿತು.

ಕೊಯ್ಯುವುದು ಬೇರೆ, ಚುಚ್ಚುವುದು ಬೇರೆ. ಹೆಣಿಗೆಯ ಗವಸು ಅಡ್ಡ ಎಳೆಯುವ ಅಲಗನ್ನು ತಡೆಯುತ್ತದೆ. ನೆಟ್ಟಗೆ ನುಗ್ಗುವ ಮೊನೆಯನ್ನು ತಡೆಯುವುದಿಲ್ಲ. ಅಂಗೈಗೆ ಚರ್ಮ ಹೊಲಿದ ಅಥವಾ ದಪ್ಪ ರಬ್ಬರು ಬಳಿದ ಗವಸಾದರೆ ಮೊನೆಗೆ ಸ್ವಲ್ಪ ಅಡ್ಡಿಯಾಗುತ್ತದೆ, ಅಷ್ಟೆ. ಆದ್ದರಿಂದ ಚೂರಿಯ ಕೆತ್ತನೆಗೆ ಈ ಗವಸು ಒಳ್ಳೆಯ ಕಾವಲು. ಉಳಿಯ ಕೆಲಸಕ್ಕೆ ಬೇರೆ ಉಪಾಯವೂ ಬೇಕು. ಅದನ್ನು ಮುಂದೆ ಹೇಳುತ್ತೇವೆ.

ಈ ಎಳೆಗಳು ಯಾವುವು?

ಅಲಗನ್ನು ತಡೆಯುವ ಎಳೆಗಳಲ್ಲಿ ಮುಖ್ಯವಾದವು ಎರಡು. ಒಂದು ಅರಾಮಿಡ್ ಜಾತಿಯದು. ಅಮೆರಿಕದ ಡ್ಯೂಪಾಂಟ್ ಕಂಪೆನಿಯಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ಮಹಿಳಾ ವಿಜ್ಞಾನಿ 1965ರಲ್ಲಿ ಕಂಡುಹಿಡಿದ, ಕೆವ್ಲಾರ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಹಳದಿ ಎಳೆ ಇದೇ. ಮೋಟಾರು ಚಕ್ರದ ಟಯರುಗಳಿಗೆ ಹಗುರವಾದ ಗಟ್ಟಿ ಎಳೆಯನ್ನು ಹುಡುಕುತ್ತಿದ್ದಾಗ ದೊರೆತದ್ದು. ಮುಂದೆ ಗುಂಡು ತಡೆಯುವ ಕವಚಗಳಿಗೂ ಬಂತು. ಇದು ಬಿಸಿ ತಾಳುತ್ತದೆ, ಆದರೆ ಬಿಸಿಲಿಗೆ ಸೋಲುತ್ತದೆ. ಇನ್ನೊಂದು ಪಾಲಿಥೀನ್ ಜಾತಿಯ ಬಹು ಗಟ್ಟಿಯಾದ ಎಳೆ. ಹಗುರ, ಕೈಗೆ ತಂಪು. ಆದರೆ ಹೆಚ್ಚು ಬಿಸಿ ತಾಳದು. ತಡೆಯುವ ಶಕ್ತಿ ಹೆಚ್ಚಲೆಂದು ಇವುಗಳೊಡನೆ ಗಾಜಿನ ಎಳೆಯನ್ನೋ ಸಣ್ಣ ಉಕ್ಕಿನ ತಂತಿಯನ್ನೋ ಸೇರಿಸಿ ಹೆಣೆಯುವುದುಂಟು.

ಈ ಗವಸುಗಳನ್ನು ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಒಲೆಯ ಬಳಿ ಇಡಬಾರದು, ಬ್ಲೀಚಿಂಗ್ ಪುಡಿ ಹಾಕಬಾರದು. ಎಳೆ ಕಡಿದ, ತೂತಾದ ಗವಸನ್ನು ಕೆತ್ತನೆಗೆ ಬಳಸದೆ ಕಳೆ ಕೀಳುವುದಕ್ಕೆ ಇಟ್ಟುಕೊಳ್ಳಬಹುದು.

ಗುರುತು ಓದುವ ಬಗೆ

ಅಂಗಡಿಯಲ್ಲಿ ಗವಸನ್ನು ತಿರುಗಿಸಿ ಬೆನ್ನನ್ನೋ ಒಳಗಿನ ಚೀಟಿಯನ್ನೋ ನೋಡಿ. ಗುರಾಣಿಯ ಆಕಾರದೊಳಗೆ ಸುತ್ತಿಗೆಯ ಚಿತ್ರ, ಬಳಿಯಲ್ಲಿ ‘ಇಎನ್ 388’ ಎಂಬ ಇಂಗ್ಲಿಷ್ ಬರಹ, ಕೆಳಗೆ ನಾಲ್ಕು ಅಂಕೆ ಮತ್ತು ಒಂದು ಅಕ್ಷರ ಇರುತ್ತದೆ. ಇದು ಯುರೋಪಿನ ಮಟ್ಟದ ಗುರುತು. ನಮ್ಮಲ್ಲಿ ಮಾರುವ ಒಳ್ಳೆಯ ಗವಸುಗಳ ಮೇಲೂ ಇರುತ್ತದೆ.

ಎಡದಿಂದ ಓದುವಾಗ ಮೊದಲ ಅಂಕೆ ಸವೆತಕ್ಕೆ, ಎರಡನೆಯದು ಕೊಯ್ತಕ್ಕೆ, ಮೂರನೆಯದು ಹರಿತಕ್ಕೆ, ನಾಲ್ಕನೆಯದು ಚುಚ್ಚಿಗೆ. ಅಂಕೆ ದೊಡ್ಡದಾದಷ್ಟೂ ತಡೆ ಹೆಚ್ಚು. ಕೊಯ್ತಕ್ಕೆ 5ರ ತನಕ, ಉಳಿದವಕ್ಕೆ 4ರ ತನಕ ಅಂಕೆ ಉಂಟು. ಅಂಕೆಯ ಬದಲು ‘ಎಕ್ಸ್’ ಅಕ್ಷರವಿದ್ದರೆ ಆ ಪರೀಕ್ಷೆ ಮಾಡಿಲ್ಲವೆಂದು ಅರ್ಥ.

ಕೆತ್ತುವವನು ಮುಖ್ಯವಾಗಿ ನೋಡಬೇಕಾದದ್ದು ಅಂಕೆಗಳ ನಂತರದ ಅಕ್ಷರವನ್ನು. ಹಳೆಯ ಪರೀಕ್ಷೆಯಲ್ಲಿ ತಿರುಗುವ ದುಂಡು ಅಲಗನ್ನು ಬಳಸುತ್ತಿದ್ದರು. ಗಾಜಿನ, ಉಕ್ಕಿನ ಎಳೆಗಳಿಗೆ ತಾಗಿ ಅಲಗೇ ಮೊಂಡಾಗಿ, ಗವಸಿಗೆ ಸಲ್ಲದಷ್ಟು ದೊಡ್ಡ ಅಂಕೆ ಬರುವುದಿತ್ತು. ಆದ್ದರಿಂದ 2016ರಲ್ಲಿ ಪರಿಷ್ಕರಿಸಿದಾಗ, ನೇರವಾದ ಅಲಗನ್ನು ಒಂದೇ ಎಳೆತದಲ್ಲಿ ಎಳೆಯುವ ಪರೀಕ್ಷೆಯನ್ನು ಸೇರಿಸಿ, ಅದಕ್ಕೆ ಎ ಯಿಂದ ಎಫ್ ವರೆಗಿನ ಅಕ್ಷರಗಳನ್ನು ಕೊಟ್ಟರು. ಎ ಎಂದರೆ 2 ನ್ಯೂಟನ್, ಬಿ 5, ಸಿ 10, ಡಿ 15, ಇ 22, ಎಫ್ 30. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ತೂಕದ ಒತ್ತಡವೆಂದು ಶಾಲೆಯ ಮಕ್ಕಳೂ ಹೇಳಿಯಾರು. ಅಂದರೆ ಡಿ ಗುರುತಿನ ಗವಸು ಸುಮಾರು ಒಂದೂವರೆ ಕಿಲೋ ಒತ್ತಡದ ಅಲಗಿನ ಎಳೆತವನ್ನು ತಡೆದಿದೆ ಎಂದಾಯಿತು.

ಇಲ್ಲಿ ಎರಡು ಎಚ್ಚರಿಕೆಗಳು. ‘ಲೆವೆಲ್ 5’ ಎಂದು ಮಾತ್ರ ಬರೆದಿರುವ ಗವಸನ್ನು ಅಕ್ಷರ ನೋಡದೆ ಕೊಳ್ಳಬೇಡಿ. ಅಮೆರಿಕದ ಮಟ್ಟದಲ್ಲಿ ಎ1ರಿಂದ ಎ9ರ ವರೆಗೆ ಗುರುತುಗಳಿವೆ. ಅಲ್ಲಿ ಎ5 ಎಂದರೆ ಒಳ್ಳೆಯ ತಡೆ, ಯುರೋಪಿನ ಬರೀ ಎ ಎಂದರೆ ಎಲ್ಲಕ್ಕಿಂತ ಕಡಿಮೆ. ಎರಡನ್ನೂ ಬೆರೆಸಿ ಮೋಸಹೋಗಬಾರದು. ನಮ್ಮ ಅಭಿಪ್ರಾಯದಲ್ಲಿ ಚೂರಿಯ ಕೆತ್ತನೆಗೆ ಸಿ ಗುರುತಿಗಿಂತ ಕಡಿಮೆಯದು ಬೇಡ. ಡಿ ಅಥವಾ ಇ ಸಿಕ್ಕಿದರೆ ಉತ್ತಮ.

ಚುಚ್ಚಿನ ಅಂಕೆಯನ್ನೂ ಸರಿಯಾಗಿ ತಿಳಿಯಬೇಕು. ಅದನ್ನು ದಪ್ಪ ಮೊಳೆಯಂಥ ಉಕ್ಕಿನ ಮೊನೆಯಿಂದ ಪರೀಕ್ಷಿಸುತ್ತಾರೆ, ಮಸೆದ ಉಳಿಯಿಂದಲ್ಲ. ಅಂಕೆ 4 ಇದ್ದರೂ ಉಳಿಯ ಮುಂದೆ ಅದನ್ನು ನಂಬಿ ಕೂರಬಾರದು.

ಅಳತೆ ಮತ್ತು ಉಳಿತಾಯ

ಗವಸು ಕೈಗೆ ಮೈಗೂಡಿದ ಅಂಗಿಯಂತೆ ಇರಬೇಕು. ಹೆಬ್ಬೆರಳನ್ನು ಬಿಟ್ಟು, ಅಂಗೈಯ ಸುತ್ತ ನೂಲು ಹಾಕಿ ಇಂಚಿನಲ್ಲಿ ಅಳೆಯಿರಿ. 8 ಇಂಚು ಬಂದರೆ 8ನೆಯ ಅಳತೆ, 7 ಬಂದರೆ 7ನೆಯದು. ಲೆಕ್ಕ ಇಷ್ಟೇ ಸುಲಭ. ಮಕ್ಕಳಿಗೆ ‘ಬೆಳೆಯುವ ಕೈ’ ಎಂದು ದೊಡ್ಡದನ್ನು ತರಬಾರದು. ಬೆರಳ ತುದಿಯಲ್ಲಿ ಜೋಲುವ ಬಟ್ಟೆಯೇ ಅಲಗಿಗೆ ಸಿಕ್ಕಿಕೊಳ್ಳುತ್ತದೆ.

ಅಂಗೈಗೆ ಏನನ್ನೂ ಬಳಿಯದ ಹೆಣಿಗೆಯ ಗವಸು ಎಡ, ಬಲ ಎರಡು ಕೈಗೂ ಆಗುತ್ತದೆ. ಕೆತ್ತುವಾಗ ಬೇಕಾದದ್ದು ಒಂದೇ ಕೈಗಾದ್ದರಿಂದ ಒಂದು ಜೊತೆ ಕೊಂಡರೆ ಇಬ್ಬರು ಮಕ್ಕಳಿಗೆ ಸಾಕು. ರಬ್ಬರು ಬಳಿದ ಗವಸಿಗೆ ಹಿಡಿತ ಹೆಚ್ಚು, ಆದರೆ ಎಡಬಲ ಬೇರೆ ಬೇರೆ. ಬೆಲೆಯಲ್ಲಿ ಇವು ನೂಲಿನ ಗವಸಿನ ಹಲವು ಪಟ್ಟು ಎಂಬುದು ನಿಜ. ಆದರೆ ಆಸ್ಪತ್ರೆಯ ದಾರಿಯ ರಿಕ್ಷಾ ಬಾಡಿಗೆಯನ್ನೂ, ತಪ್ಪಿದ ಕೂಲಿಯ ದಿನಗಳನ್ನೂ ಎದುರಿಗಿಟ್ಟು ಲೆಕ್ಕ ಹಾಕಿದರೆ ಯಾವುದು ದುಬಾರಿಯೆಂದು ತಿಳಿಯುತ್ತದೆ.

ಗವಸು ತೊಡಲೇಬಾರದ ಕಡೆ

ತಿರುಗುವ ಯಂತ್ರದ ಹತ್ತಿರ ಗವಸು ಶತ್ರು. ಕಡೆಯುವ ಯಂತ್ರ, ಬೈರಿಗೆ ಯಂತ್ರ, ಕರೆಂಟಿನ ದುಂಡು ಗರಗಸ, ಇವುಗಳಿಗೆ ಗವಸಿನ ಒಂದು ಎಳೆ ಸಿಕ್ಕಿದರೂ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತವೆ. ಎಳೆ ಗಟ್ಟಿಯಾದಷ್ಟೂ ಅಪಾಯ ಹೆಚ್ಚು, ಏಕೆಂದರೆ ಅದು ಕಡಿಯುವುದಿಲ್ಲ. ಗವಸು ಕೈಕತ್ತಿಗೆ, ಕೈಚೂರಿಗೆ ಮಾತ್ರ.

ಗವಸಿಗಿಂತ ಮೊದಲಿನ ಗವಸು

ಆಚಾರಿಯವರು ಹೇಳಿಕೊಟ್ಟ ಉಪಾಯಗಳು ಗವಸಿಗಿಂತ ಮುಖ್ಯವಾದವು.

ಉಳಿಯ ಕೆಲಸದಲ್ಲಿ ಮರವನ್ನು ಕೈಯಲ್ಲಿ ಹಿಡಿಯಲೇಬಾರದು. ಒಂದು ಅಡಿ ಉದ್ದದ ಹಲಗೆ ತೆಗೆದುಕೊಳ್ಳಿ. ಅದರ ಕೆಳಗೆ, ನಮ್ಮತ್ತ ಇರುವ ಅಂಚಿಗೆ, ಒಂದು ರೀಪನ್ನು ಅಡ್ಡವಾಗಿ ಹೊಡೆಯಿರಿ. ಅದು ಮೇಜಿನ ತುದಿಗೆ ಆತುಕೊಳ್ಳುತ್ತದೆ. ಮೇಲ್ಗಡೆ, ಆಚೆಯ ಅಂಚಿಗೆ, ಇನ್ನೊಂದು ರೀಪು. ಕೆತ್ತುವ ಮರವನ್ನು ಈ ಮೇಲಿನ ರೀಪಿಗೆ ಒತ್ತಿ ಇಟ್ಟು ಉಳಿಯನ್ನು ಆಚೆಗೆ ನೂಕಿದರೆ ಮರ ಜಾರುವುದಿಲ್ಲ. ಸಣ್ಣ ವೈಸು ಇದ್ದರೆ ಇನ್ನೂ ಒಳ್ಳೆಯದು. ಆಗ ಎರಡು ಕೈಯೂ ಉಳಿಯ ಹಿಂದೆಯೇ ಇರುತ್ತವೆ. ಅಲಗಿನ ಮುಂದೆ ಇಲ್ಲದ ಕೈಗೆ ಗಾಯವಾಗುವುದೆಂತು?

ಎರಡನೆಯದಾಗಿ, ಅಲಗು ಹರಿತವಾಗಿರಬೇಕು. ಮೊಂಡು ಚೂರಿ ಮಕ್ಕಳಿಗೆ ಸುರಕ್ಷಿತವೆಂಬುದು ತಪ್ಪು ತಿಳಿವಳಿಕೆ. ಮೊಂಡು ಅಲಗಿಗೆ ಬಲ ಹೆಚ್ಚು ಬೇಕು. ಬಲ ಹೆಚ್ಚಿದಾಗ ಜಾರಿದ ಅಲಗು ದೂರ ಹೋಗುತ್ತದೆ. ನಮ್ಮ ಹುಡುಗನ ಚೂರಿಯನ್ನು ಆಮೇಲೆ ಉಗುರಿನ ಮೇಲೆ ಇಟ್ಟು ನೋಡಿದೆವು. ಹಿಡಿಯದೆ ಜಾರುವಷ್ಟು ಮೊಂಡಾಗಿತ್ತು. ಮಕ್ಕಳ ಕೈಗೆ ಕೊಡುವ ಮೊದಲು ಅದನ್ನು ಸಾಣೆಗೆ ಹಿಡಿಯದಿದ್ದದ್ದು ನಮ್ಮ ಎರಡನೆಯ ತಪ್ಪು.

ಮೂರನೆಯದಾಗಿ, ನಾರಿನ ಹಾದಿ ನೋಡಿ ಕೆತ್ತಬೇಕು. ಗಂಟು ಬಂದಲ್ಲಿ ನಿಲ್ಲಿಸಿ, ಮರವನ್ನು ತಿರುಗಿಸಿ ಆಚೆಯಿಂದ ಬರಬೇಕು. ತೊಡೆಯ ಮೇಲೆ ಮರ ಇಟ್ಟು ಕೆತ್ತಬಾರದು. ಇಬ್ಬರ ನಡುವೆ, ಕೈ ಚಾಚಿದರೂ ತಾಗದಷ್ಟು ಜಾಗ ಇರಬೇಕು.

ಗಾಯವಾದರೆ

ಇಷ್ಟಾದರೂ ಗಾಯವಾದರೆ ಸ್ವಚ್ಛವಾದ ಬಟ್ಟೆಯಿಂದ ಗಾಯವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆತ್ತಿ ಇಡಬೇಕು. ನಿಂತಿತೇ ಎಂದು ನಡುನಡುವೆ ತೆರೆದು ನೋಡಬಾರದು. ಸುಣ್ಣ, ಕಾಫಿಪುಡಿ, ಕಮ್ಯುನಿಸ್ಟ್ ಸೊಪ್ಪಿನ ರಸ ಇವುಗಳನ್ನು ಆಳವಾದ ಗಾಯಕ್ಕೆ ಹಾಕಬಾರದು. ಹೊಲಿಗೆ ಹಾಕುವ ವೈದ್ಯರಿಗೆ ಅದನ್ನು ತೊಳೆದು ತೆಗೆಯುವುದೇ ಒಂದು ಕೆಲಸವಾಗುತ್ತದೆ. ಬೆರಳು ಮಡಚಲು ಬಾರದಿದ್ದರೆ, ತುದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ರಕ್ತ ನಿಲ್ಲದಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆರಳಿನ ತುಂಡೇ ಬೇರೆಯಾಗಿದ್ದರೆ ಅದನ್ನು ಒದ್ದೆಯ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಟ್ಟು ಕೊಂಡೊಯ್ಯಬೇಕು. ತುಂಡಿಗೆ ಮಂಜು ನೇರವಾಗಿ ತಾಗಬಾರದು.

ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆಯೆಂಬುದನ್ನು ವೈದ್ಯರಿಗೆ ಹೇಳಬೇಕು. ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನಲ್ಲಿ ಸರಕಾರದ ವತಿಯಿಂದ ಕೊಡುವ ಟಿ.ಡಿ. ಚುಚ್ಚುಮದ್ದನ್ನು ತಪ್ಪಿಸಬಾರದು. ಸೆಗಣಿ, ಮಣ್ಣುಗಳಲ್ಲಿ ದುಡಿಯುವ ನಮ್ಮಂಥವರ ಮನೆಗಳಲ್ಲಿ ಇದು ಬಹು ಮುಖ್ಯ.

ಕೊನೆಯದಾಗಿ

ಆ ಹುಡುಗ ಎರಡು ವಾರ ಮನೆಯಲ್ಲೇ ಇದ್ದ. ಅವನ ಮನೆಯಲ್ಲಿ ಅವನೇ ಹಿರಿಯ ಮಗ. ಬೆಳಗ್ಗೆ ಹಾಲು ಕರೆಯುವವನು, ರಜೆಯಲ್ಲಿ ಅಡಿಕೆ ಸುಲಿದು ನಾಲ್ಕು ಕಾಸು ತರುವವನು. ಆ ಎರಡು ವಾರ ತಾಯಿಯೇ ಎಲ್ಲವನ್ನೂ ಮಾಡಿದರು. ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮಾಗಿದ ಮೇಲೆ, ಕೆತ್ತನೆಗೆ ಮತ್ತೆ ಬರುತ್ತೀಯಾ ಎಂದು ಕೇಳಲು ನಮಗೇ ಸಂಕೋಚ. ಅವನಾಗಿಯೇ ಬಂದ. ಹೊಸ ಗವಸನ್ನು ಕೈಗೆ ತೊಡಿಸಲು ಹೋದಾಗ, “ಇದು ಕೊಯ್ತಕ್ಕೆ ಮಾತ್ರ ಅಲ್ಲವಾ ಮಾಷ್ಟ್ರೇ, ಚುಚ್ಚಿಗೆ ಆಗುವುದಿಲ್ಲವಲ್ಲ?” ಎಂದು ಕೇಳಿದ. ಪಾಠ ತಲಪಿದೆ ಎಂದು ನಮಗೆ ಸಮಾಧಾನವಾಯಿತು. ಅವನು ಕೆತ್ತಿದ ಭುಜಕೀರ್ತಿ ಆ ವರ್ಷದ ಆಟಕ್ಕೆ ಬಂತು. ಇಂದಿಗೂ ಶಾಲೆಯ ಕಪಾಟಿನಲ್ಲಿದೆ.

ಈಗ ಮಳೆಗಾಲಕ್ಕೆ ಮೊದಲೇ ನಾವು ಮೂರು ಕೆಲಸ ಮಾಡುತ್ತೇವೆ: ಚೂರಿ, ಉಳಿಗಳನ್ನೆಲ್ಲ ಸಾಣೆ ಹಿಡಿಸುವುದು, ರೀಪಿನ ಹಲಗೆಗಳನ್ನು ಸರಿಪಡಿಸುವುದು, ಗವಸುಗಳನ್ನು ಬೆಳಕಿಗೆ ಹಿಡಿದು ತೂತು ನೋಡುವುದು. ಮಿಕ್ಕ ಬಿಳಿ ನೂಲಿನ ಗವಸುಗಳನ್ನು ಹುಲ್ಲು ಹೊರುವುದಕ್ಕೆಂದು ಕೊಟ್ಟಿಗೆಯಲ್ಲಿ ತೂಗುಹಾಕಿದ್ದೇವೆ. ಅವು ಆ ಕೆಲಸಕ್ಕೆ ಚೆನ್ನಾಗಿವೆ. ಓದುಗರೂ ತಮ್ಮ ಮನೆಯ ಚಾವಡಿಯಲ್ಲಿ ಹಿಡಿ ಕೆತ್ತಲು ಕೂರುವ ಮೊದಲು, ಮರ ಹಿಡಿದ ಕೈ ಅಲಗಿನ ಮುಂದೆ ಇದೆಯೋ ಹಿಂದೆ ಇದೆಯೋ ಎಂದು ಒಮ್ಮೆ ನೋಡಿಕೊಂಡರೆ ನಮ್ಮ ಶ್ರಮ ಸಾರ್ಥಕ.